ಎಕ್ಸ್ = 4 ರೇಖೆಗೆ ಲಂಬ ಯಾವುದು? ಮಗಳ ಉತ್ತರಪತ್ರಿಕೆಯ ಎರಡು ಲೆಕ್ಕಗಳು

ಗಿರಿತಪ್ಪಲು (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈ ವರ್ಷ ಮೊದಲ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ್ದಾಳೆ. ಸರಳರೇಖೆಗಳ ಪಾಠ ಮುಗಿದ ಮೇಲೆ ಕಾಲೇಜಿನಲ್ಲಿ ಒಂದು ಕಿರುಪರೀಕ್ಷೆ ನಡೆಯಿತು. ಅದರ ಎರಡು ಲೆಕ್ಕಗಳ ವಿಷಯದಲ್ಲಿ ನಮ್ಮ ಮನೆಯಲ್ಲಿ ಮೂರು ದಿನಗಳಿಂದ ವಾದ ನಡೆಯುತ್ತಿದೆ.

ಮೊದಲನೆಯದು: 3ಎಕ್ಸ್ + 4ವೈ = 18 ಎಂಬ ರೇಖೆಗೆ ಲಂಬವಾಗಿಯೂ (5, 7) ಬಿಂದುವಿನ ಮೂಲಕವೂ ಹಾದುಹೋಗುವ ರೇಖೆಯ ಸಮೀಕರಣವನ್ನು ಕಂಡುಹಿಡಿಯಬೇಕು. ಅವಳು 3 ಮತ್ತು 4ನ್ನು ಅದಲು ಬದಲು ಮಾಡಿ, ನಡುವಿನ ಚಿಹ್ನೆಯನ್ನು ಬದಲಿಸಿ, 4ಎಕ್ಸ್ − 3ವೈ ಎಂದು ಬರೆದು, ಬಿಂದುವನ್ನು ಹಾಕಿ 20 − 21 = −1 ಎಂದು ತೆಗೆದು, 4ಎಕ್ಸ್ − 3ವೈ = −1 ಎಂದು ಎರಡೇ ಸಾಲಿನಲ್ಲಿ ಮುಗಿಸಿದ್ದಾಳೆ. ಉತ್ತರ ಸರಿಯಿದೆ. ಆದರೆ ಮೂರು ಅಂಕಗಳಲ್ಲಿ ಒಂದೇ ಅಂಕ ಬಂದಿದೆ, ಅಂಚಿನಲ್ಲಿ ‘ಇಳಿಜಾರು ಎಲ್ಲಿ?’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ಎರಡನೆಯದು: ಎಕ್ಸ್ = 4 ಎಂಬ ರೇಖೆಗೆ ಲಂಬವಾಗಿ (3, 5)ರ ಮೂಲಕ ಹೋಗುವ ರೇಖೆ. ಇದಕ್ಕೆ ಅವಳು ಎಕ್ಸ್ = 3 ಎಂದು ಬರೆದಿದ್ದಾಳೆ, ಅಂಕ ಸೊನ್ನೆ. ‘ಲಂಬ ಅಂದರೆ ನೆಟ್ಟಗೆ ನಿಂತ ಗೆರೆ ತಾನೇ ಅಪ್ಪ?’ ಎಂದು ನನ್ನನ್ನೇ ಕೇಳುತ್ತಾಳೆ. ನಾನು ವಾಣಿಜ್ಯ ಓದಿದವನು, ಲೆಕ್ಕ ಬರೆಯುವುದು ನನ್ನ ಕಸುಬಾದರೂ ಈ ಲೆಕ್ಕ ನನಗೆ ಬಾರದು. ಮೊದಲನೆಯದರಲ್ಲಿ ಅವಳಿಗೆ ಅನ್ಯಾಯವಾಗಿದೆಯೇ, ಎರಡನೆಯದನ್ನು ಅವಳಿಗೆ ಹೇಗೆ ತಿಳಿಸಿಕೊಡಬೇಕು ಎಂದು ಬಲ್ಲವರು ದಯವಿಟ್ಟು ಹೇಳಿ.

ಬಯಲುಸೀಮೆ ಮೇಷ್ಟ್ರು (ಅರಸೀಕೆರೆ)

ಎರಡನೆಯದರ ಸರಿಯುತ್ತರ ವೈ = 5. ಎಕ್ಸ್ = 4 ಎಂಬುದೇ ನೆಟ್ಟಗೆ ನಿಂತ ಗೆರೆ, ಆದ್ದರಿಂದ ಅದಕ್ಕೆ ಲಂಬವಾದದ್ದು ಅಡ್ಡ ಮಲಗಿರಬೇಕು. ಎಕ್ಸ್ = 3 ಎಂಬುದು ಅದಕ್ಕೆ ಸಮಾಂತರವೇ ಹೊರತು ಲಂಬವಲ್ಲ.

ಮೊದಲನೆಯದರ ಬಗ್ಗೆ ಹೇಳುವುದಾದರೆ, ಉತ್ತರಪತ್ರಿಕೆ ತಿದ್ದುವವನು ಹಂತಗಳಿಗೆ ಅಂಕ ಕೊಡುತ್ತಾನೆ. ತರಗತಿಯಲ್ಲಿ ಹೇಳಿಕೊಡುವ ಕ್ರಮ ಹೀಗಿದೆ. ಮೊದಲು ಕೊಟ್ಟ ರೇಖೆಯನ್ನು ವೈ = −(3/4)ಎಕ್ಸ್ + 18/4 ಎಂದು ಬರೆದುಕೊಂಡು ಅದರ ಇಳಿಜಾರು, ಅಂದರೆ ಬಲಕ್ಕೆ 1 ಸರಿದಾಗ ಗೆರೆ ಎಷ್ಟು ಏರುತ್ತದೆ ಎಂಬ ಸಂಖ್ಯೆ, −3/4 ಎಂದು ಗುರುತಿಸಬೇಕು. ಪರಸ್ಪರ ಲಂಬವಾದ ಎರಡು ರೇಖೆಗಳ ಇಳಿಜಾರುಗಳ ಗುಣಲಬ್ಧ −1 ಆಗಿರುವುದರಿಂದ ಬೇಕಾದ ರೇಖೆಯ ಇಳಿಜಾರು 4/3 ಆಗುತ್ತದೆ. ಆಮೇಲೆ ವೈ − 7 = (4/3)(ಎಕ್ಸ್ − 5) ಎಂದು ಬರೆದು, 3ರಿಂದ ಗುಣಿಸಿ, 3ವೈ − 21 = 4ಎಕ್ಸ್ − 20, ಅಂದರೆ 4ಎಕ್ಸ್ − 3ವೈ + 1 = 0 ಎಂದು ಮುಗಿಸಬೇಕು. ಇದರಲ್ಲಿ ಮೂರು ಹಂತಗಳಿಗೆ ಮೂರು ಅಂಕ. ತಮ್ಮ ಮಗಳು ಕೊನೆಯ ಹಂತವನ್ನು ಮಾತ್ರ ತೋರಿಸಿರುವುದರಿಂದ ಒಂದು ಅಂಕ ಬಂದಿದೆ.

ಹೇಮಾವತಿ ದಂಡೆ

ಮೇಷ್ಟ್ರೇ, ತಮ್ಮ ಮೂರನೆಯ ಹಂತವನ್ನು ಆ ಮಗು ಎರಡು ಸಾಲಿನಲ್ಲಿ ತಲುಪಿದ್ದರೆ ಅದು ಅವಳ ಜಾಣತನವಲ್ಲವೇ? ಸರಿಯಾದ ಬೇರೆ ವಿಧಾನಕ್ಕೂ ಅಂಕ ಕೊಡಬೇಕೆಂಬುದು ಮೌಲ್ಯಮಾಪನದಲ್ಲಿ ಎಲ್ಲರೂ ಒಪ್ಪಿದ ರೂಢಿ. ಇಳಿಜಾರನ್ನು ಹೆಸರಿಸದೆಯೂ ಲಂಬರೇಖೆಯನ್ನು ಕಾಣಬಹುದಾದರೆ ಅದನ್ನು ಕೇಳುವುದು ಹಟವಷ್ಟೇ.

ಬಯಲುಸೀಮೆ ಮೇಷ್ಟ್ರು (ಅರಸೀಕೆರೆ)

ವಿಧಾನವಾದರೆ ಅಂಕ ಕೊಡಬೇಕು, ಕಂಠಪಾಠವಾದರೆ ಯಾಕೆ ಕೊಡಬೇಕು? ‘ಅದಲು ಬದಲು ಮಾಡು, ಚಿಹ್ನೆ ಬದಲಿಸು’ ಎಂಬುದನ್ನು ಟ್ಯೂಷನ್ನಿನಲ್ಲಿ ಮಂತ್ರದಂತೆ ಹೇಳಿಕೊಟ್ಟಿರುತ್ತಾರೆ. ಏಕೆ ಎಂದು ಕೇಳಿದರೆ ನೂರರಲ್ಲಿ ಐದು ಮಕ್ಕಳೂ ಬಾಯಿಬಿಡುವುದಿಲ್ಲ.

ಹೇಮಾವತಿ ದಂಡೆ

‘ಗುಣಲಬ್ಧ −1’ ಎಂಬುದು ಮಾತ್ರ ಮಂತ್ರವಲ್ಲವೇ? ಅದು ಏಕೆ ಎಂದು ಕೇಳಿದರೂ ಅದೇ ಐದು ಮಕ್ಕಳು.

ಬಯಲುಸೀಮೆ ಮೇಷ್ಟ್ರು (ಅರಸೀಕೆರೆ)

ಒಪ್ಪಿದೆ. ಹಾಗಾದರೆ ಎರಡಕ್ಕೂ ಒಂದೇ ಕಾರಣವನ್ನು ಹೇಳುತ್ತೇನೆ, ಮಗಳಿಗೆ ಓದಿ ಹೇಳಿ.

3ಎಕ್ಸ್ + 4ವೈ ಯಾವಾಗಲೂ 18 ಆಗಿಯೇ ಇರಬೇಕಾದರೆ, ಎಕ್ಸ್ 4ರಷ್ಟು ಹೆಚ್ಚಿದಾಗ ಮೊದಲ ಪದ 12ರಷ್ಟು ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ವೈ 3ರಷ್ಟು ಕಡಿಮೆಯಾಗಬೇಕು. ಅಂದರೆ ಈ ಗೆರೆಯ ಮೇಲೆ ನಡೆಯುವವನು ಬಲಕ್ಕೆ 4 ಹೆಜ್ಜೆ ಇಟ್ಟರೆ ಕೆಳಕ್ಕೆ 3 ಹೆಜ್ಜೆ ಇಳಿಯುತ್ತಾನೆ. ಈಗ ಗ್ರಾಫ್ ಹಾಳೆಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿ. ಬಲಕ್ಕಿದ್ದ 4 ಹೆಜ್ಜೆ ಮೇಲಕ್ಕೆ ಹೋಗುತ್ತದೆ, ಕೆಳಕ್ಕಿದ್ದ 3 ಹೆಜ್ಜೆ ಬಲಕ್ಕೆ ಬರುತ್ತದೆ. ಆದ್ದರಿಂದ ಲಂಬವಾದ ಗೆರೆಯ ಮೇಲೆ ಬಲಕ್ಕೆ 3 ಇಟ್ಟರೆ ಮೇಲಕ್ಕೆ 4 ಏರಬೇಕು. ಇಳಿಜಾರು −3/4 ಇದ್ದದ್ದು 4/3 ಆಯಿತು. ವ್ಯುತ್ಕ್ರಮವಾದದ್ದು ಅಡ್ಡ ಮತ್ತು ನಿಡಿದು ತಮ್ಮ ಜಾಗ ಬದಲಿಸಿಕೊಂಡದ್ದರಿಂದ, ಚಿಹ್ನೆ ಬದಲಾದದ್ದು ಎರಡರಲ್ಲಿ ಒಂದು ಮಾತ್ರ ದಿಕ್ಕು ತಿರುಗಿಸಿದ್ದರಿಂದ. ಬಲಕ್ಕೆ 3, ಮೇಲಕ್ಕೆ 4 ಹೋಗುವಾಗ 4ಎಕ್ಸ್ 12ರಷ್ಟು ಹೆಚ್ಚುತ್ತದೆ, 3ವೈ ಕೂಡ 12ರಷ್ಟೇ ಹೆಚ್ಚುತ್ತದೆ, ಹೀಗಾಗಿ 4ಎಕ್ಸ್ − 3ವೈ ಬದಲಾಗದೆ ಉಳಿಯುತ್ತದೆ. ಅವಳ ಎರಡು ಸಾಲಿನ ಹಿಂದೆ ಇರುವುದು ಇಷ್ಟೇ. ‘ಸಹಗುಣಕಗಳನ್ನು ಅದಲು ಬದಲು ಮಾಡಿ ಒಂದರ ಚಿಹ್ನೆ ಬದಲಿಸಿದರೆ ಇಳಿಜಾರುಗಳ ಗುಣಲಬ್ಧ (−3/4) × (4/3) = −1’ ಎಂಬ ಒಂದೇ ಸಾಲನ್ನು ಸೇರಿಸಿದ್ದರೆ ಯಾರೂ ಅಂಕ ಕತ್ತರಿಸುವಂತಿರಲಿಲ್ಲ.

ಮೂಲೆಮಟ್ಟ (ಬೇಲೂರು)

ಮೇಷ್ಟ್ರು 3 ಮತ್ತು 4 ಎಂದಾಗ ನನಗೆ ನಗು ಬಂತು, ಏಕೆಂದರೆ ಗಾರೆ ಕೆಲಸದಲ್ಲಿ ನಮ್ಮ ಜೀವನವೇ ಆ ಎರಡು ಅಂಕಿಗಳ ಮೇಲೆ ನಡೆಯುತ್ತದೆ. ಪಾಯ ತೆಗೆಯುವಾಗ ಒಂದು ಮೂಲೆಯಿಂದ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ಟೇಪು ಹಿಡಿದಾಗ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರವಾಗಿದೆ ಎಂದು ಲೆಕ್ಕ. ದೊಡ್ಡ ಮನೆಯಾದರೆ 6, 8, 10 ಹಿಡಿಯುತ್ತೇವೆ, ತಪ್ಪು ಕಡಿಮೆಯಾಗುತ್ತದೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಬಹಳ ವರ್ಷಗಳ ನಂತರ ಮಗನ ಪುಸ್ತಕದಲ್ಲಿ ಪೈಥಾಗೊರಸ್ ಹೆಸರನ್ನು ಓದಿದೆ.

ಇನ್ನೊಂದು ಮಾತು. ಲಂಬ ಎಂದರೆ ನೆಟ್ಟಗೆ ನಿಂತದ್ದು ಎಂದು ಆ ಹುಡುಗಿ ಹೇಳಿದ್ದರಲ್ಲಿ ನಮ್ಮ ಪ್ರಕಾರ ತಪ್ಪಿಲ್ಲ. ಗೋಡೆ ಲಂಬವಾಗಿದೆಯೇ ಎಂದು ನೋಡುವುದು ತೂಗುಗುಂಡು ಬಿಟ್ಟು. ಮೂಲೆ ನೇರವಾಗಿದೆಯೇ ಎಂದು ನೋಡುವುದು ಮೂಲೆಮಟ್ಟ ಇಟ್ಟು. ಎರಡಕ್ಕೂ ಬೇರೆ ಬೇರೆ ಸಾಮಾನು ಇರುವಾಗ ಪುಸ್ತಕದವರು ಒಂದೇ ಹೆಸರು ಇಟ್ಟದ್ದು ಏಕೆ?

ಗಿರಿತಪ್ಪಲು (ಚಿಕ್ಕಮಗಳೂರು)

ಇದೇ, ಇದೇ ನಮ್ಮ ಮನೆಯ ಜಗಳ! ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿತ್ತು, ಅವಳು ಅದನ್ನು ಮನಸ್ಸಿನಲ್ಲಿ ಕನ್ನಡಕ್ಕೆ ಮಾಡಿಕೊಂಡು ‘ಲಂಬ’ ಎಂದಳು. ಆ ಮಾತು ಬಂದ ಕೂಡಲೇ ನೆಟ್ಟಗೆ ನಿಂತ ಗೆರೆ ಕಣ್ಣಿಗೆ ಬಂತಂತೆ.

ಹಳೆಯ ಓಲೆ

ಬೇಲೂರಿನವರ ಪ್ರಶ್ನೆಗೆ ಉತ್ತರ ಬಹಳ ಹಿಂದಕ್ಕೆ ಹೋಗುತ್ತದೆ. ‘ಲಂಬ’ ಎಂಬುದರ ಧಾತುವಿನ ಅರ್ಥವೇ ತೂಗು, ಜೋತುಬೀಳು ಎಂದು. ಕ್ರಿ.ಶ. 499ರ ಆರ್ಯಭಟೀಯದ ಗಣಿತಪಾದದಲ್ಲಿ, ಸಮತಲವನ್ನು ನೀರಿನಿಂದಲೂ ಮೇಲು–ಕೆಳಗಿನ ದಿಕ್ಕನ್ನು ಲಂಬಕದಿಂದಲೂ ಸಾಧಿಸಬೇಕು ಎಂಬ ಮಾತು ಬರುತ್ತದೆ. ಅಲ್ಲಿ ಅದು ತಮ್ಮ ತೂಗುಗುಂಡೇ. 1150ರ ಸುಮಾರಿಗೆ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ತ್ರಿಭುಜದ ಶೃಂಗದಿಂದ ಪಾದಕ್ಕೆ ಇಳಿಬಿಟ್ಟ ಎತ್ತರಕ್ಕೆ ಲಂಬ ಎಂದೂ, ಆ ಲಂಬವು ಪಾದವನ್ನು ಒಡೆಯುವ ಎರಡು ತುಂಡುಗಳಿಗೆ ಆಬಾಧೆ ಎಂದೂ ಹೆಸರಿದೆ. ಪಾದ ನೆಲದಂತೆ ಅಡ್ಡ ಇರುವವರೆಗೆ ಎರಡು ಅರ್ಥಗಳೂ ಒಂದೇ ಆಗಿರುತ್ತವೆ. ಪಾದ ಓರೆಯಾದಾಗ ಮಾತ್ರ ಅವು ಬೇರೆಯಾಗುತ್ತವೆ, ಮಾತು ಮಾತ್ರ ಒಂದೇ ಉಳಿಯಿತು.

ಮೂಲೆಮಟ್ಟ (ಬೇಲೂರು)

ಹಾಗಾದರೆ ಹುಡುಗಿಯ ತಪ್ಪು ಸಾವಿರದೈನೂರು ವರ್ಷಗಳಷ್ಟು ಹಳೆಯದು. ಅರ್ಧ ಅಂಕವಾದರೂ ಕೊಡಬಹುದಿತ್ತು.

ನಮ್ಮೂರಿನ ದೇವಸ್ಥಾನ ನಿಂತಿರುವ ಕಟ್ಟೆಯನ್ನೂ (ಜಗತಿ) ಹಳೇಬೀಡಿನದನ್ನೂ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ನಕ್ಷತ್ರದ ಆಕಾರವನ್ನು ಒಂದು ಚೌಕವನ್ನೇ ನಡುಬಿಂದುವಿನ ಸುತ್ತ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ತೆಗೆದಿರುತ್ತಾರೆ, ಆದ್ದರಿಂದ ಹೊರಚಾಚಿದ ಮೂಲೆಗಳೆಲ್ಲ ಚೌಕದ ಮೂಲೆಗಳೇ. ಒಂದೊಂದು ಮೂಲೆ ಒಂದೊಂದು ದಿಕ್ಕಿಗೆ ಓರೆಯಾಗಿ ನಿಂತಿದ್ದರೂ ಅದರ ಎರಡು ಬದಿಗಳು ಒಂದಕ್ಕೊಂದು ಲಂಬ.

ಘಾಟಿ ರೈಲು (ಸಕಲೇಶಪುರ)

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ರೈಲು ಮಾರ್ಗದ ಇಳಿಜಾರು 50ಕ್ಕೆ 1. ಮೇಷ್ಟ್ರ ನಿಯಮದ ಪ್ರಕಾರ ಹಳಿಯ ಇಳಿಜಾರು 1/50 ಆದರೆ ಹಳಿಯ ಪಕ್ಕದ ಕಂಬದ ಇಳಿಜಾರು −50 ಆಗಬೇಕು. ಗಣಿತ ನಿಜಕ್ಕೂ ನಮ್ಮ ಘಾಟಿಯಲ್ಲಿ ಕಾಣುತ್ತದೆ.

ಸರಪಳಿ ಆಣೆ

ತಪ್ಪು. ಕಂಬವನ್ನು ಹಳಿಗೆ ಲಂಬವಾಗಿ ನೆಡುವುದಿಲ್ಲ, ತೂಗುಗುಂಡು ತೋರಿಸಿದಂತೆ ನೆಡುತ್ತಾರೆ. ಎರಡರ ನಡುವಿನ ವ್ಯತ್ಯಾಸ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಹಳಿಗೆ ನಿಜವಾಗಿ ಲಂಬವಾದ ಗೆರೆ ಎಳೆದರೆ ಅದರ ಇಳಿಜಾರು ತಾವು ಹೇಳಿದ −50 ಹೌದು. ಕಂಬಕ್ಕೆ ಇಳಿಜಾರು ಎಂಬ ಸಂಖ್ಯೆಯೇ ಇಲ್ಲ.

ಘಾಟಿ ರೈಲು (ಸಕಲೇಶಪುರ)

ಕಂಬದ ವಿಷಯದಲ್ಲಿ ಸೋತೆ. ಆದರೂ ನನ್ನ ಅಂಕಿ ಕೆಲಸಕ್ಕೆ ಬರುತ್ತದೆ ಎಂದು ನನ್ನ ಭಾವನೆ. ಹಳಿ 50ಕ್ಕೆ 1 ಇದ್ದಾಗ ಲಂಬ −50, 100ಕ್ಕೆ 1 ಆದಾಗ −100, 1000ಕ್ಕೆ 1 ಆದಾಗ −1000. ಹಳಿ ಪೂರ್ತಿ ಮಟ್ಟವಾದಾಗ ಅದರ ಇಳಿಜಾರು 0, ಆಗ ಲಂಬಕ್ಕೆ ಯಾವ ಸಂಖ್ಯೆಯನ್ನೂ ಕೊಡಲಾಗುವುದಿಲ್ಲ, ಏಕೆಂದರೆ 0ಯನ್ನು ಯಾವುದರಿಂದ ಗುಣಿಸಿದರೂ −1 ಬಾರದು. ಮಗಳ ಎರಡನೆಯ ಲೆಕ್ಕದಲ್ಲಿ ಇದೇ ತಿರುಗುಮುರುಗಾಗಿ ಬಂದಿದೆ.

ಬಯಲುಸೀಮೆ ಮೇಷ್ಟ್ರು (ಅರಸೀಕೆರೆ)

ಸರಿಯಾಗಿ ಹೇಳಿದಿರಿ. ‘ಗುಣಲಬ್ಧ −1’ ಎಂಬ ನಿಯಮಕ್ಕೆ ಒಂದು ಷರತ್ತು ಇದೆ, ಎರಡು ರೇಖೆಗಳಲ್ಲಿ ಯಾವುದೂ ವೈ ಅಕ್ಷಕ್ಕೆ ಸಮಾಂತರವಾಗಿರಬಾರದು. ಷರತ್ತನ್ನು ನಾವು ಪಾಠದಲ್ಲಿ ಒಮ್ಮೆ ಹೇಳಿ ಮುಂದೆ ಹೋಗುತ್ತೇವೆ, ಮಕ್ಕಳು ಅಲ್ಲಿಯೇ ಎಡವುತ್ತಾರೆ.

ಹೇಮಾವತಿ ದಂಡೆ

ಮೇಷ್ಟ್ರೇ, ಈಗ ತಾವೇ ಸಿಕ್ಕಿಕೊಂಡಿರಿ. ಹುಡುಗಿಯ ಅದಲು ಬದಲಿನ ವಿಧಾನಕ್ಕೆ ಈ ಷರತ್ತೇ ಬೇಕಾಗಿಲ್ಲ. ಎಕ್ಸ್ = 4 ಎಂಬುದನ್ನು 1ಎಕ್ಸ್ + 0ವೈ = 4 ಎಂದು ಬರೆಯಿರಿ. ಅದಲು ಬದಲು ಮಾಡಿ ಚಿಹ್ನೆ ಬದಲಿಸಿದರೆ 0ಎಕ್ಸ್ − 1ವೈ. (3, 5)ನ್ನು ಹಾಕಿದರೆ −5. ಆದ್ದರಿಂದ −ವೈ = −5, ಅಂದರೆ ವೈ = 5. ಸೊನ್ನೆಯಿಂದ ಭಾಗಿಸುವ ಭಯವೂ ಇಲ್ಲ, ‘ಇಳಿಜಾರು ಅವ್ಯಾಖ್ಯಿತ’ ಎಂದು ಬರೆಯುವ ಕಷ್ಟವೂ ಇಲ್ಲ. ಯಾವ ವಿಧಾನಕ್ಕೆ ಎರಡು ಅಂಕ ಕತ್ತರಿಸಿದರೋ ಅದೇ ವಿಧಾನ ಎರಡನೆಯ ಲೆಕ್ಕವನ್ನೂ ಬಿಡಿಸುತ್ತಿತ್ತು.

ಗಿರಿತಪ್ಪಲು (ಚಿಕ್ಕಮಗಳೂರು)

ಇದನ್ನು ಈಗ ಮಗಳಿಗೆ ಓದಿ ಹೇಳಿದೆ. ಅವಳು ಒಂದು ನಿಮಿಷ ಸುಮ್ಮನಿದ್ದು, ‘ಅಲ್ಲಿ ಅದಲು ಬದಲು ಮಾಡಲು ವೈ ಎಲ್ಲಿತ್ತು ಅಪ್ಪ?’ ಎಂದಳು. ಕಾಣದ ವೈಗೆ ಸೊನ್ನೆ ಸಹಗುಣಕ ಇದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಬಯಲುಸೀಮೆ ಮೇಷ್ಟ್ರು (ಅರಸೀಕೆರೆ)

ನೋಡಿ, ಇದಕ್ಕೇ ನಾನು ಮಂತ್ರ ಎಂದದ್ದು. ವಿಧಾನ ಒಳ್ಳೆಯದು ಎಂಬುದನ್ನು ನಾನು ಒಪ್ಪುತ್ತೇನೆ, ಇಳಿಜಾರಿನ ವಿಧಾನಕ್ಕಿಂತ ಅದು ಗಟ್ಟಿ ಎಂಬುದನ್ನೂ ಒಪ್ಪುತ್ತೇನೆ. ಆದರೆ ಕಾರಣ ಗೊತ್ತಿಲ್ಲದೆ ಕಲಿತವರಿಗೆ ವೇಷ ಬದಲಿಸಿ ಬಂದ ರೇಖೆಯ ಗುರುತು ಸಿಗುವುದಿಲ್ಲ.

ಎರಡನೇ ಪಿಯು

ನಾನು ಹಾಸನದಲ್ಲಿ ಎರಡನೆಯ ಪಿಯುಸಿ ಓದುತ್ತಿದ್ದೇನೆ, ಹಿರಿಯರ ನಡುವೆ ಮಾತನಾಡುವುದಕ್ಕೆ ಕ್ಷಮೆಯಿರಲಿ. ನಮಗೆ ಈ ವರ್ಷ ಸದಿಶಗಳ (ವೆಕ್ಟರ್) ಪಾಠ ಬಂದ ಮೇಲೆ ಇದು ಇನ್ನೂ ಸುಲಭವಾಯಿತು. 3ಎಕ್ಸ್ + 4ವೈ = 18 ಎಂಬಲ್ಲಿ (3, 4) ಎಂಬ ಸಹಗುಣಕಗಳ ಜೋಡಿಯೇ ಆ ರೇಖೆಗೆ ಲಂಬವಾದ ದಿಕ್ಕು. ಆದ್ದರಿಂದ ಸಮೀಕರಣವನ್ನೇ ಬರೆಯದೆ, (5, 7)ರಲ್ಲಿ ನಿಂತು (3, 4)ರ ದಿಕ್ಕಿನಲ್ಲಿ ಹಿಂದಕ್ಕೋ ಮುಂದಕ್ಕೋ ನಡೆದರೆ ಸಾಕು. ಹಿಂದಕ್ಕೆ ಒಂದು ಸಲ ನಡೆದರೆ (2, 3) ಸಿಗುತ್ತದೆ. 3 × 2 + 4 × 3 = 18, ಅಂದರೆ ಅದು ಕೊಟ್ಟ ರೇಖೆಯ ಮೇಲೆಯೇ ಇದೆ! ಅದೇ ಲಂಬಪಾದ, ಲಂಬವು ರೇಖೆಯನ್ನು ಮುಟ್ಟುವ ಜಾಗ. ಬಿಂದುವಿನಿಂದ ರೇಖೆಗಿರುವ ದೂರವೂ ಅಲ್ಲಿಯೇ ಸಿಕ್ಕಿತು, 3 ಮತ್ತು 4ರ ಕರ್ಣ 5. ಸೂತ್ರದಿಂದ ತಾಳೆ ನೋಡಿದೆ, (15 + 28 − 18)/5 = 25/5 = 5 ಎಂದೇ ಬಂತು.

ಮೂಲೆಮಟ್ಟ (ಬೇಲೂರು)

ಮತ್ತೆ ನಮ್ಮ 3, 4, 5. ಪ್ರಶ್ನೆ ತೆಗೆದವರ ಮನೆಯಲ್ಲಿ ಯಾರೋ ಗಾರೆ ಕೆಲಸದವರು ಇರಬೇಕು.

ಸರಪಳಿ ಆಣೆ

ಲಂಬಪಾದ ಎಂಬ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಭೂಮಾಪನ ಇಲಾಖೆಯಲ್ಲಿ ದುಡಿದು ನಿವೃತ್ತನಾದ ನನಗೆ ಈ ಲೆಕ್ಕ ಕಾಗದದ ಮೇಲಿನದಲ್ಲ. ನಮ್ಮ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, 1089 ಚದರ ಅಡಿ, ಅಂಥ 40 ಗುಂಟೆ ಒಂದು ಎಕರೆ. ಹೊಲದ ನಡುವೆ ಒಂದು ಆಧಾರರೇಖೆಯನ್ನು ಹಿಡಿದು, ಅದರ ಉದ್ದಕ್ಕೂ ಸರಪಳಿ ಎಳೆಯುತ್ತಾ ಹೋಗಿ, ಪ್ರತಿಯೊಂದು ಮೂಲೆಕಲ್ಲಿಗೂ ಆ ರೇಖೆಯಿಂದ ಲಂಬ ಹಿಡಿದು ಅಳೆದು ಟಿಪ್ಪಣಿಯಲ್ಲಿ ಬರೆಯುತ್ತಿದ್ದೆವು.

ಕಲ್ಲು ರೇಖೆಯ ಹೊರಗಿರುತ್ತದೆ, ಲಂಬ ಎಲ್ಲಿಂದ ಏಳಬೇಕೆಂಬುದು ಮೊದಲೇ ತಿಳಿದಿರುವುದಿಲ್ಲ. ಒಂದಕ್ಕೊಂದು ನೇರ ಮೂಲೆಯಲ್ಲಿ ಎರಡು ಸೀಳುಗಳಿರುವ ಕ್ರಾಸ್ ಸ್ಟಾಫನ್ನು ರೇಖೆಯ ಮೇಲೆ ನಿಲ್ಲಿಸಿ, ಒಂದು ಸೀಳಿನಲ್ಲಿ ರೇಖೆಯ ತುದಿಯ ಗಳು ಕಾಣುವಂತೆ ಇಟ್ಟುಕೊಂಡು, ಇನ್ನೊಂದು ಸೀಳಿನಲ್ಲಿ ಮೂಲೆಕಲ್ಲು ಕಾಣುವವರೆಗೆ ಹಿಂದೆ ಮುಂದೆ ಸರಿಯಬೇಕು. ಕಂಡ ಜಾಗವೇ ಲಂಬಪಾದ. ಹಾಸನದ ಹುಡುಗಿ (5, 7)ರಿಂದ (2, 3)ಕ್ಕೆ ಒಂದೇ ಹೆಜ್ಜೆಯಲ್ಲಿ ಬಂದಳು, ನಾವು ಮುಳ್ಳುಬೇಲಿಯ ಪಕ್ಕದಲ್ಲಿ ಹತ್ತು ಸಲ ಸರಿದಾಡುತ್ತಿದ್ದೆವು. ಲಂಬ ಸ್ವಲ್ಪ ಓರೆಯಾದರೂ ಅಳತೆ ಉದ್ದವಾಗಿ ಬರುತ್ತದೆ, ಏಕೆಂದರೆ ಬಿಂದುವಿನಿಂದ ರೇಖೆಗೆ ಅತಿ ಹತ್ತಿರದ ದಾರಿ ಲಂಬವೊಂದೇ. ಬೇಲಿಯ ಇಬ್ಬದಿಯವರೂ ಕಣ್ಣಿಟ್ಟು ನೋಡುತ್ತಿರುವಾಗ ಎರಡು ಆಣೆ ಹೆಚ್ಚು ಬರೆದರೆ ಏನಾಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ.

ಹೇಮಾವತಿ ದಂಡೆ

ಬಿಂದು ರೇಖೆಯ ಮೇಲೆಯೇ ಇದ್ದರೆ? ಪುಸ್ತಕದಲ್ಲಿ ಅಂಥ ಲೆಕ್ಕವೂ ಬರುತ್ತದೆ, ಮಕ್ಕಳು ಪ್ರಶ್ನೆಯೇ ತಪ್ಪು ಎಂದುಕೊಳ್ಳುತ್ತಾರೆ.

ಸರಪಳಿ ಆಣೆ

ಆಗ ಸರಿದಾಡುವ ಕೆಲಸವಿಲ್ಲ, ನಿಂತಲ್ಲಿಂದಲೇ ಲಂಬ ಹಿಡಿದರಾಯಿತು.

ಹಳೆಯ ಓಲೆ

ಯೂಕ್ಲಿಡ್ ಇವೆರಡನ್ನೂ ಬೇರೆ ಬೇರೆಯಾಗಿಯೇ ಸಾಧಿಸಿದ್ದಾನೆ. ಅವನ ಮೊದಲ ಪುಸ್ತಕದಲ್ಲಿ 11ನೆಯದು ರೇಖೆಯ ಮೇಲಿನ ಬಿಂದುವಿನಿಂದ ಲಂಬ ಎಳೆಯುವ ರಚನೆ, 12ನೆಯದು ಹೊರಗಿನ ಬಿಂದುವಿನಿಂದ. ಕೈವಾರದಿಂದ ಎಳೆಯುವವನಿಗೆ ಎರಡೂ ಬೇರೆ ಕೆಲಸಗಳೇ. 1637ರಲ್ಲಿ ಡೆಕಾರ್ಟ್ ರೇಖಾಗಣಿತವನ್ನು ಬೀಜಗಣಿತಕ್ಕೆ ಒಪ್ಪಿಸಿದ ಮೇಲೆ ಬೆಳೆದ ಈ ವಿಧಾನದಲ್ಲಿ ಆ ಭೇದ ಅಳಿಸಿಹೋಗಿದೆ. 4ಎಕ್ಸ್ − 3ವೈಯಲ್ಲಿ (5, 7)ನ್ನು ಹಾಕಿದರೂ ಅದೇ, ರೇಖೆಯ ಮೇಲಿನ (2, 3)ನ್ನು ಹಾಕಿದರೂ ಅದೇ. 8 − 9 = −1, ನೋಡಿ, ಉತ್ತರವೂ ಒಂದೇ ಬರುತ್ತದೆ.

ತೋಟದ ಮನೆ (ಮೂಡಿಗೆರೆ)

ನನ್ನದು ಚಿಕ್ಕ ಆಕ್ಷೇಪಣೆ. ಕನ್ನಡದಲ್ಲಿ ‘ಇಳಿಜಾರು’ ಎಂದರೆ ಇಳಿಯುವುದು ಎಂದೇ ಕಿವಿಗೆ ಬೀಳುತ್ತದೆ. ಇಳಿಯುವುದಕ್ಕೆ ಋಣ ಚಿಹ್ನೆ, ಏರುವುದಕ್ಕೆ ಧನ ಚಿಹ್ನೆ ಎಂದಾಗ ನನ್ನ ಮಗನಿಗೆ ‘ಧನ ಇಳಿಜಾರು’ ಎಂಬುದೇ ವಿಚಿತ್ರವಾಗಿ ಕಂಡಿತ್ತು. ಪ್ರವಣತೆ ಎಂದರೆ ಇನ್ನೂ ಕಷ್ಟ. ಕೊನೆಗೆ ಅವನು ಸ್ಲೋಪ್ ಎಂದೇ ಕಲಿತ.

ಇಳಿಜಾರಿನ ತೋಟದಲ್ಲಿ ಲಂಬವನ್ನು ನೋಡಬೇಕಾದರೆ ಮಳೆಗಾಲದಲ್ಲಿ ಬನ್ನಿ. ಒಂದೇ ಎತ್ತರದ ಜಾಗಗಳನ್ನು ಸೇರಿಸುತ್ತಾ ಗುಡ್ಡದ ಸುತ್ತ ಒಂದು ಗೆರೆ ಎಳೆದರೆ, ನೀರು ಹರಿಯುವುದು ಆ ಗೆರೆಗೆ ಸರಿಯಾಗಿ ಲಂಬವಾಗಿ. ಅದಕ್ಕೇ ಕಾಫಿ ಗಿಡದ ಸಾಲುಗಳ ನಡುವೆ ತೊಟ್ಟಿಲು ಗುಂಡಿಗಳನ್ನು ಇಳಿಜಾರಿಗೆ ಅಡ್ಡಲಾಗಿ ತೆಗೆಸುತ್ತೇವೆ. ಉದ್ದಕ್ಕೆ ತೆಗೆದರೆ ಗುಂಡಿಯೇ ಕಾಲುವೆಯಾಗಿ ಮೇಲ್ಮಣ್ಣು ಹಳ್ಳ ಸೇರುತ್ತದೆ.

ಬಯಲುಸೀಮೆ ಮೇಷ್ಟ್ರು (ಅರಸೀಕೆರೆ)

ತೋಟದ ಮನೆಯವರ ಮಾತು ವಿಷಯಾಂತರದಂತೆ ಕಂಡರೂ ಹಾಸನದ ಹುಡುಗಿ ಹೇಳಿದ್ದಕ್ಕೆ ಅದೇ ಚಿತ್ರ. 3ಎಕ್ಸ್ + 4ವೈ ಎಂಬ ಬೆಲೆಯನ್ನು ಒಂದು ಜಾಗದ ಎತ್ತರ ಎಂದುಕೊಳ್ಳಿ. ಎತ್ತರ 18 ಇರುವ ಜಾಗಗಳೆಲ್ಲ ಕೊಟ್ಟ ರೇಖೆಯ ಮೇಲಿವೆ. (5, 7)ರ ಎತ್ತರ 15 + 28 = 43. ಅಲ್ಲಿ ಸುರಿದ ನೀರು ಅತಿ ಕಡಿದಾದ ದಾರಿ ಹಿಡಿದು 18ರ ಗೆರೆಗೆ ಇಳಿಯುತ್ತದೆ, ಆ ದಾರಿಯೇ 4ಎಕ್ಸ್ − 3ವೈ = −1, ಅದು ಮುಟ್ಟುವ ಜಾಗವೇ (2, 3).

ಗೀಟು ಹಾಳೆ

ಒಂದು ಅನುಮಾನ. ಎರಡೂ ರೇಖೆಗಳನ್ನು ಮೊಬೈಲಿನಲ್ಲಿ ಗ್ರಾಫ್ ಎಳೆಯುವ ಜಿಯೋಜೀಬ್ರಾ ಆ್ಯಪ್ ತೆರೆದು ಹಾಕಿದೆ. ಅವು ಲಂಬವಾಗಿ ಕಾಣುತ್ತಲೇ ಇಲ್ಲ, ಕೋನ 60 ಡಿಗ್ರಿಯ ಹಾಗಿದೆ. ತಾವೆಲ್ಲ ಸೇರಿ ತಪ್ಪು ಉತ್ತರವನ್ನು ಹೊಗಳುತ್ತಿಲ್ಲ ತಾನೇ?

ಎರಡನೇ ಪಿಯು

ಅಣ್ಣಾ, ತಾವು ಪರದೆಯನ್ನು ಹಿಗ್ಗಿಸುವಾಗ ಒಂದು ಅಕ್ಷ ಮಾತ್ರ ಹಿಗ್ಗಿರಬೇಕು. ಎಕ್ಸ್ ಅಕ್ಷದಲ್ಲಿ ಒಂದು ಚೌಕಕ್ಕೆ 1, ವೈ ಅಕ್ಷದಲ್ಲಿ ಒಂದು ಚೌಕಕ್ಕೆ 2 ಎಂದಿದ್ದರೆ ಲಂಬರೇಖೆಗಳು ಓರೆಯಾಗಿಯೇ ಕಾಣುತ್ತವೆ. ಎರಡೂ ಅಕ್ಷಗಳ ಅಳತೆಯನ್ನು ಒಂದಕ್ಕೊಂದು ಸಮ ಮಾಡಿ ನೋಡಿ.

ಗೀಟು ಹಾಳೆ

ಸಮ ಮಾಡಿದೆ, ಮೂಲೆಮಟ್ಟ ಇಟ್ಟಂತೆ ಕೂತಿತು. ಎರಡು ಅಕ್ಷಗಳಿಗೆ ಎರಡು ಅಳತೆ ತೆಗೆದುಕೊಳ್ಳಬಹುದು ಎಂದು ನಮಗೆ ಹೇಳಿಕೊಟ್ಟಿದ್ದರು, ಹಾಗೆ ಮಾಡಿದರೆ ಕೋನ ಕೆಡುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಬಯಲುಸೀಮೆ ಮೇಷ್ಟ್ರು (ಅರಸೀಕೆರೆ)

ಗಿರಿತಪ್ಪಲಿನವರೇ, ಮಗಳಿಗೆ ಒಂದು ಲೆಕ್ಕ ಕೊಡುತ್ತೇನೆ. (1, −4) ಮತ್ತು (5, 4) ಬಿಂದುಗಳನ್ನು ಸೇರಿಸುವ ರೇಖೆಗೆ ಲಂಬವಾಗಿ (−2, 3)ರ ಮೂಲಕ ಹೋಗುವ ರೇಖೆಯನ್ನು ಕಂಡುಹಿಡಿಯಲಿ. ಈ ಸಲ ಸಮೀಕರಣ ಕೊಟ್ಟಿಲ್ಲ, ಆದ್ದರಿಂದ ಅದಲು ಬದಲಿಗೆ ಏನೂ ಸಿಗುವುದಿಲ್ಲ. ಉತ್ತರದ ಜೊತೆಗೆ ಕಾರಣವೂ ಬರಲಿ.

ಹೇಮಾವತಿ ದಂಡೆ

ಮೇಷ್ಟ್ರು ಸೇಡು ತೀರಿಸಿಕೊಳ್ಳುತ್ತಿದ್ದಾರೆ.

ಗಿರಿತಪ್ಪಲು (ಚಿಕ್ಕಮಗಳೂರು)

ಇದನ್ನು ಮಗಳೇ ಕೂತು ಬರೆಯುತ್ತಿದ್ದಾಳೆ, ನಾನು ಪಕ್ಕದಲ್ಲಿದ್ದೇನೆ ಅಷ್ಟೇ:

‘ಸರ್, ಮೊದಲ ಬಿಂದುವಿನಿಂದ ಎರಡನೆಯದಕ್ಕೆ ಹೋಗಲು ಬಲಕ್ಕೆ 4, ಮೇಲಕ್ಕೆ 8 ಹೋಗಬೇಕು, ಅಂದರೆ ಬಲಕ್ಕೆ 1 ಇಟ್ಟರೆ ಮೇಲಕ್ಕೆ 2. ಇಳಿಜಾರು 2. ಲಂಬದ ಇಳಿಜಾರು −1/2, ಏಕೆಂದರೆ ಕಾಲು ಸುತ್ತು ತಿರುಗಿಸಿದರೆ ಬಲಕ್ಕಿದ್ದ 1 ಮೇಲಕ್ಕೆ ಹೋಗುತ್ತದೆ, ಮೇಲಕ್ಕಿದ್ದ 2 ಎಡಕ್ಕೆ ಹೋಗುತ್ತದೆ. ವೈ − 3 = −(1/2)(ಎಕ್ಸ್ + 2). 2ವೈ − 6 = −ಎಕ್ಸ್ − 2. ಆದ್ದರಿಂದ ಎಕ್ಸ್ + 2ವೈ = 4. ಎರಡೂ ಅಕ್ಷಗಳಿಗೆ ಒಂದೇ ಅಳತೆ ಇಟ್ಟು ಗೀಟು ಹಾಳೆಯಲ್ಲಿ ಎಳೆದು ನೋಡಿದೆ, ಲಂಬಪಾದ (3.2, 0.4)ರಲ್ಲಿ ಬರುತ್ತದೆ, ಅದು ಎರಡು ಬಿಂದುಗಳ ನಡುವೆಯೇ ಇದೆ. ಆದರೆ ನನಗೊಂದು ಅನುಮಾನ. ಬಲಕ್ಕೆ 1, ಮೇಲಕ್ಕೆ 2 ಎಂಬ ಅಂಕಿಗಳೇ ಉತ್ತರದಲ್ಲಿ ಎಕ್ಸ್ ಮತ್ತು ವೈಗಳ ಸಹಗುಣಕಗಳಾಗಿ ಕೂತಿವೆ. ಇಲ್ಲಿ ನಾನು ಅದಲು ಬದಲು ಮಾಡಲೇ ಇಲ್ಲವಲ್ಲ?’

ಎರಡನೇ ಪಿಯು

ತಂಗೀ, ನಾನು ಮೊದಲು ಹೇಳಿದ್ದನ್ನು ತಿರುಗಿಸಿ ಓದು. ಸಹಗುಣಕಗಳ ಜೋಡಿ ಆ ರೇಖೆಗೆ ಲಂಬವಾದ ದಿಕ್ಕು ಎಂದಿದ್ದೆ. ಮೇಷ್ಟ್ರು ಈ ಸಲ ನಿನಗೆ ಕೊಟ್ಟದ್ದು ದಿಕ್ಕನ್ನು, ನೀನು ಹುಡುಕಿದ್ದು ಅದಕ್ಕೆ ಲಂಬವಾದ ರೇಖೆಯನ್ನು. ಆದ್ದರಿಂದ ಅದೇ ದಿಕ್ಕು ನಿನ್ನ ರೇಖೆಯ ಸಹಗುಣಕವಾಯಿತು. ಎರಡು ಬಿಂದುಗಳ ರೇಖೆಯ ಸಮೀಕರಣವನ್ನೇ ಮೊದಲು ಬರೆದಿದ್ದರೆ 2ಎಕ್ಸ್ − ವೈ = 6 ಎಂದು ಬರುತ್ತಿತ್ತು, ಆಗ ಅದಲು ಬದಲು ಬೇಕಾಗುತ್ತಿತ್ತು.

ಬಯಲುಸೀಮೆ ಮೇಷ್ಟ್ರು (ಅರಸೀಕೆರೆ)

ಮೂರಕ್ಕೆ ಮೂರು. ಅನುಮಾನ ಕೇಳಿದ್ದಕ್ಕೆ ಕೊಡಲು ನನ್ನ ಬಳಿ ಅಂಕವಿಲ್ಲ.

ಮೂಲೆಮಟ್ಟ (ಬೇಲೂರು)

ಆ ಎರಡನೆಯ ಲೆಕ್ಕದ ಅರ್ಧ ಅಂಕದ ವಿಷಯವನ್ನು ಮಾತ್ರ ಯಾರೂ ಮುಂದುವರಿಸಲಿಲ್ಲ.